ವಾರಕ್ಕೆ ಒಂದು ಪೀರಿಯಡ್ ಕೊಡಿ, ‘ಹೇಗೆ ಗೊತ್ತು?’ ಎಂದು ಕೇಳುವುದಕ್ಕೆ

ಹಾಸನ ಜಿಲ್ಲೆಯ ಸಾರ್ವಜನಿಕ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಹಾಗೂ ಜಿಲ್ಲೆಯ ಹೈಸ್ಕೂಲ್ ಮಕ್ಕಳ ತಂದೆ ತಾಯಂದಿರಿಗೆ,

ನಮಸ್ಕಾರ.

2025ರ ಜುಲೈ ತಿಂಗಳ ಮೊದಲ ಶನಿವಾರ. ಬೇಲೂರು ತಾಲ್ಲೂಕಿನ ಒಂದು ಹೈಸ್ಕೂಲಿನ ಒಂಬತ್ತನೇ ಕ್ಲಾಸು. ಮಳೆ ಹಿಡಿದುಕೊಂಡಿತ್ತು. ನಾನು ರಿಟೈರ್ ಆದ ಗಣಿತ ಮೇಷ್ಟ್ರು. ಎಚ್‌ಎಂ ಅವರನ್ನು ಕೇಳಿಕೊಂಡು ಶನಿವಾರ ಬೆಳಿಗ್ಗೆ ಅಲ್ಲಿ ಒಂದು ಪೀರಿಯಡ್ ತೆಗೆದುಕೊಳ್ಳುತ್ತಿದ್ದೆ. ಅವತ್ತು ಮಕ್ಕಳ ಗಲಾಟೆ ಇರಲಿಲ್ಲ. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ‘ಸರ್, ಹಾಸನದವರಿಗೆಲ್ಲ ಹಾರ್ಟ್ ಅಟ್ಯಾಕ್ ಆಗ್ತಿದೆಯಂತೆ, ನಿಜವಾ?’ ಎಂದು ಕೇಳಿದಳು. ಅವಳ ಅಪ್ಪ ಆಟೋ ಓಡಿಸುತ್ತಾರೆ. ಹಿಂದಿನ ರಾತ್ರಿಯೇ ಹೊರಟು ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತಿದ್ದರು. ಅವರಿಗೆ ಎದೆನೋವು ಬಂದಿರಲಿಲ್ಲ. ಭಯ ಬಂದಿತ್ತು.

ಆ ದಿನಗಳು ನಿಮಗೂ ನೆನಪಿರುತ್ತವೆ. ಸುಮಾರು 40 ದಿನಗಳಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಹೃದಯಾಘಾತದಿಂದ ಹೋದರು ಎಂಬ ಸುದ್ದಿ ಎಲ್ಲ ಕಡೆ ಹರಡಿತ್ತು. ಟೀವಿಯಲ್ಲಿ ದಿನಕ್ಕೊಂದು ಹೊಸ ಸಂಖ್ಯೆ ಬರುತ್ತಿತ್ತು. ವಾಟ್ಸಾಪ್‌ನಲ್ಲಿ ಕಾರಣಗಳು ಬಂದವು. ಲಸಿಕೆಯೇ ಕಾರಣ ಎಂದರು, ಕೋಳಿ ಮಾಂಸ ಎಂದರು, ನೀರು ಎಂದರು. ದೊಡ್ಡ ಸ್ಥಾನದಲ್ಲಿ ಇದ್ದವರೂ ಪರೀಕ್ಷೆ ಮಾಡುವ ಮೊದಲೇ ಮಾತಾಡಿದರು.

ನಾನು ಆ ಹುಡುಗಿಗೆ ನಿಜ ಅಂತಲೂ ಹೇಳಲಿಲ್ಲ, ಸುಳ್ಳು ಅಂತಲೂ ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ಬೋರ್ಡಿನ ಮೇಲೆ ಒಂದು ಸಾಲು ಬರೆದೆ: ‘20 ಜಾಸ್ತಿನಾ, ಕಡಿಮೆನಾ?’

ಅರ್ಧ ಕ್ಲಾಸು ‘ಜಾಸ್ತಿ’ ಎಂದು ಕೂಗಿತು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಇದ್ದಾನೆ, ಗಣಿತದಲ್ಲಿ ಯಾವಾಗಲೂ ಹತ್ತು ಹನ್ನೆರಡು ಮಾರ್ಕು ತೆಗೆಯುವವನು. ಅವನು ಕೂತಲ್ಲಿಂದಲೇ ಕೇಳಿದ: ‘ಯಾವುದಕ್ಕಿಂತ ಸರ್?’

ಅಲ್ಲಿಂದ ಶುರುವಾಯಿತು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನಸಂಖ್ಯೆ 17,76,421. ನಮ್ಮ ದೇಶದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಹೆಚ್ಚುಕಡಿಮೆ 6 ಜನ ತೀರಿಕೊಳ್ಳುತ್ತಾರೆ. ಮಕ್ಕಳೇ ಗುಣಿಸಿದರು, ಭಾಗಿಸಿದರು. ವರ್ಷಕ್ಕೆ ಹತ್ತೂವರೆ ಸಾವಿರದ ಮೇಲೆ. ದಿನಕ್ಕೆ ಸುಮಾರು 29. ನಲವತ್ತು ದಿನಕ್ಕೆ ಸುಮಾರು 1,170. ಕ್ಲಾಸು ಮೌನವಾಯಿತು. ಅಷ್ಟು ಜನ ನಮ್ಮ ಜಿಲ್ಲೆಯಲ್ಲಿ ಸಾಯುತ್ತಾರೆ ಎಂದು ಅವರಲ್ಲಿ ಯಾರೂ ಯೋಚಿಸಿರಲಿಲ್ಲ. ದೇಶದಲ್ಲಿ ಆಗುವ ನಾಲ್ಕು ಸಾವುಗಳಲ್ಲಿ ಹೆಚ್ಚುಕಡಿಮೆ ಒಂದು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆಗುವುದು. ಆ ಲೆಕ್ಕ ಹಿಡಿದರೆ 40 ದಿನಕ್ಕೆ ಸುಮಾರು 290. ಹಾಗಾದರೆ ಸುದ್ದಿಯಲ್ಲಿ ಬಂದ 20 ಏನು? ‘ಸರ್, ಅದು ಸತ್ತವರ ಲೆಕ್ಕ ಅಲ್ಲ, ಪೇಪರಿನಲ್ಲಿ ಬಂದವರ ಲೆಕ್ಕ’ ಎಂದಳು ಒಬ್ಬಳು.

ಪಾಠ ಇಲ್ಲಿಗೇ ಮುಗಿದಿದ್ದರೆ ನಾನು ಮಕ್ಕಳಿಗೆ ಮೋಸ ಮಾಡಿದ ಹಾಗೆ ಆಗುತ್ತಿತ್ತು. ಯಾಕೆಂದರೆ ಆಟೋ ಡ್ರೈವರ್ ಮಗಳು ಮತ್ತೆ ಎದ್ದಳು. ‘ಆದರೆ ಸರ್, ಇವರೆಲ್ಲ ಚಿಕ್ಕ ವಯಸ್ಸಿನವರಲ್ವಾ? ನೀವು ಅಜ್ಜ ಅಜ್ಜಿಯರನ್ನೂ ಸೇರಿಸಿ ಲೆಕ್ಕ ಹಾಕಿದ್ರಿ.’

ಸರಿಯಾದ ಮಾತು. ನನ್ನ ಲೆಕ್ಕದಿಂದ ಅದಕ್ಕೆ ಉತ್ತರ ಸಿಗುವುದಿಲ್ಲ. ನಾನು ಹಾಗೇ ಹೇಳಿದೆ. ಮತ್ತೆ ಏನು ಬೇಕು? ಮಕ್ಕಳು ಪಟ್ಟಿ ಮಾಡಿದರು. ಹೋದ ವರ್ಷ ಇದೇ ಮೇ, ಜೂನ್‌ನಲ್ಲಿ ಇದೇ ವಯಸ್ಸಿನವರು ಎಷ್ಟು ಜನ ಹೋದರು? ಪಕ್ಕದ ಜಿಲ್ಲೆಗಳಲ್ಲಿ ಎಷ್ಟು? ಹಾರ್ಟ್ ಅಟ್ಯಾಕ್ ಎಂದು ಹೇಳಿದ್ದು ಡಾಕ್ಟರಾ, ಮನೆಯವರಾ, ಪಕ್ಕದ ಮನೆಯವರಾ? ಪೋಸ್ಟ್‌ಮಾರ್ಟಂ ಆಗಿತ್ತಾ? ಅವರಿಗೆ ಮೊದಲೇ ಶುಗರ್, ಬಿಪಿ ಇತ್ತಾ? ಒಬ್ಬ ಹುಡುಗ ತನ್ನ ಊರಿನ ವಿಷಯ ಹೇಳಿದ. ‘ನಮ್ಮೂರಲ್ಲಿ ದಿಢೀರ್ ಅಂತ ಯಾರು ಸತ್ತರೂ ಹಾರ್ಟ್ ಫೇಲ್ ಅಂತಾರೆ ಸರ್. ಹೋದ ವರ್ಷ ಹಾವು ಕಚ್ಚಿದವರಿಗೂ ಮೊದಲು ಹಾಗೇ ಅಂದಿದ್ರು.’

ಮುಂದಿನ ವಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿಯ ವರದಿ ಬಂತು. ಅವರು 24 ಸಾವುಗಳನ್ನು ಒಂದೊಂದಾಗಿ ನೋಡಿದ್ದರು. ಅದರಲ್ಲಿ 4 ಹೃದಯಕ್ಕೆ ಸಂಬಂಧಪಟ್ಟಿದ್ದೇ ಅಲ್ಲ. ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಕಾಣುವುದಿಲ್ಲ ಎಂದರು. ಕೋವಿಡ್ ಲಸಿಕೆಗೂ ಇದಕ್ಕೂ ನಂಟು ಸಿಗಲಿಲ್ಲ ಎಂದರು. ಶುಗರ್, ಬಿಪಿ, ಸಿಗರೇಟು, ಕುಡಿತ ಹಲವರಲ್ಲಿ ಇತ್ತು ಎಂದರು. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಬೋರ್ಡಿನ ಮೇಲೆ ಬರೆದಿದ್ದ ಪ್ರಶ್ನೆಗಳಲ್ಲಿ ಎಷ್ಟೋ ಆ ಸಮಿತಿ ಕೇಳಿಕೊಂಡ ಪ್ರಶ್ನೆಗಳೇ ಆಗಿದ್ದವು.

ಒಂದು ಮಾತು ಸ್ಪಷ್ಟ ಇರಲಿ. ತೀರಿಕೊಂಡವರ ಮನೆಯ ದುಃಖ ಯಾವ ಲೆಕ್ಕದಿಂದಲೂ ಚಿಕ್ಕದಾಗುವುದಿಲ್ಲ. ಮಕ್ಕಳಿಗೂ ಅದನ್ನೇ ಹೇಳಿದೆ. ಎದೆನೋವು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, ಅದರಲ್ಲಿ ಚರ್ಚೆ ಬೇಡ ಎಂದೂ ಹೇಳಿದೆ. ಆ ಹುಡುಗಿಯ ಅಪ್ಪನ ಇಸಿಜಿ ನಾರ್ಮಲ್ ಬಂತು. ಎರಡು ದಿನದ ದುಡಿಮೆ ಹೋಯಿತು. ಆದರೆ ಅವಳು ಮನೆಗೆ ಹೋಗಿ ಆ ಲೆಕ್ಕವನ್ನು ಅಪ್ಪನಿಗೆ ಒಂದು ಹಾಳೆಯಲ್ಲಿ ಮಾಡಿ ತೋರಿಸಿದಳಂತೆ. ‘ಅಪ್ಪ ಅವತ್ತು ನಿದ್ದೆ ಮಾಡಿದ್ರು ಸರ್’ ಎಂದಳು.

ಮಾನ್ಯರೇ, ಆ ಶನಿವಾರದ ಪೀರಿಯಡ್ ಈಗ ಇಲ್ಲ. ಹತ್ತನೇ ಕ್ಲಾಸಿನ ಸ್ಪೆಷಲ್ ಕ್ಲಾಸಿಗೆ ರೂಮು ಬೇಕಾಯಿತು. ರಿಸಲ್ಟ್ ಏರಿಸಬೇಕು ಎಂಬ ಒತ್ತಡ ಮೇಲಿಂದ ಇತ್ತು. ನಾನು ಯಾರನ್ನೂ ದೂರುವುದಿಲ್ಲ. ಎಚ್‌ಎಂ ಒಳ್ಳೆಯವರು. ಟೈಮ್‌ಟೇಬಲ್‌ನಲ್ಲಿ ಇಲ್ಲದ, ಮಾರ್ಕ್ಸ್ ಇಲ್ಲದ ಪಾಠವನ್ನು ಅವರು ಎಷ್ಟು ದಿನ ಉಳಿಸಿಕೊಳ್ಳಲು ಆಗುತ್ತದೆ? ಅದಕ್ಕೇ ಈ ಪತ್ರ. ನಮ್ಮ ಜಿಲ್ಲೆಯ ಎಂಟು ಮತ್ತು ಒಂಬತ್ತನೇ ಕ್ಲಾಸಿನ ಟೈಮ್‌ಟೇಬಲ್‌ನಲ್ಲಿ ವಾರಕ್ಕೆ ಒಂದೇ ಒಂದು ಪೀರಿಯಡ್, ಯೋಚನೆ ಮಾಡುವುದನ್ನು ಕಲಿಸುವುದಕ್ಕೆ ಎಂದು ಬರೆಸಿ ಕೊಡಿ. ಹತ್ತನೇ ಕ್ಲಾಸನ್ನು ಮುಟ್ಟಬೇಡಿ, ನನಗೂ ಪರೀಕ್ಷೆಯ ಬಿಸಿ ಗೊತ್ತು.

ಇದನ್ನು ನಾನು ಯಾಕೆ ಇಷ್ಟು ಹಚ್ಚಿಕೊಂಡಿದ್ದೇನೆ ಎಂದು ಹೇಳಬೇಕು.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಸಮಾಜ ವಿಜ್ಞಾನದ ಮೇಡಂ ರಜೆಯಲ್ಲಿದ್ದರು. ಅವರ ಪೀರಿಯಡ್‌ಗೆ ನಾನು ಹೋಗಿದ್ದೆ. ಕೈಯಲ್ಲಿ ಪ್ರಶ್ನೋತ್ತರದ ಪುಸ್ತಕ. ಕನ್ನಡದ ಮೊದಲ ಶಾಸನ ಯಾವುದು? ಹಲ್ಮಿಡಿ ಶಾಸನ. ಕಾಲ? ಕ್ರಿ.ಶ. 450. ಒಂದು ಮಾರ್ಕಿನ ಪ್ರಶ್ನೆ. ಹಲ್ಮಿಡಿ ನಮ್ಮದೇ ತಾಲ್ಲೂಕಿನ ಊರು. ಆ ಕಡೆಯಿಂದಲೇ ಬರುತ್ತಿದ್ದ ಒಬ್ಬ ಹುಡುಗ ಕೈ ಎತ್ತಿದ. ‘ಸರ್, ಆ ಕಲ್ಲಿನ ಮೇಲೆ 450 ಅಂತ ಬರೆದಿದೆಯಾ?’

ನಾನು ‘ಸುಮ್ನೆ ಬರ್ಕೊಳೋ, ಪರೀಕ್ಷೆಗೆ ಅಷ್ಟು ಸಾಕು’ ಎಂದೆ. ಅವನು ಬರೆದುಕೊಂಡ. ಆಮೇಲೆ ಅವನು ನನ್ನ ಕ್ಲಾಸಿನಲ್ಲಿ ಕೈ ಎತ್ತಿದ್ದು ನನಗೆ ನೆನಪಿಲ್ಲ.

ಎಷ್ಟೋ ವರ್ಷ ಆದ ಮೇಲೆ ನಾನೇ ಓದಿ ತಿಳಿದುಕೊಂಡೆ. ಕಲ್ಲಿನ ಮೇಲೆ ಇಸವಿ ಇಲ್ಲ. ಹದಿನಾರು ಸಾಲು ಇದೆ, ಒಂದು ಸಾಲಿನಲ್ಲೂ ಕಾಲದ ಉಲ್ಲೇಖ ಇಲ್ಲ. 1936ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅದನ್ನು ಬೆಳಕಿಗೆ ತಂದರು. ಅಕ್ಷರದ ಆಕಾರ ನೋಡಿದರು, ಅದರಲ್ಲಿ ಬರುವ ಕದಂಬರ ಕಾಕುಸ್ಥನ ಹೆಸರು ನೋಡಿದರು, ಭಾಷೆ ನೋಡಿದರು. ಎಲ್ಲ ಕೂಡಿಸಿ ಸುಮಾರು ಇಷ್ಟನೇ ವರ್ಷ ಇರಬೇಕು ಎಂದು ವಿದ್ವಾಂಸರು ಅಂದಾಜು ಮಾಡಿದರು. ಆ ಅಂದಾಜಿನಲ್ಲೂ ಒಬ್ಬರಿಂದ ಒಬ್ಬರಿಗೆ ಹತ್ತಾರು ವರ್ಷಗಳ ವ್ಯತ್ಯಾಸ ಇದೆ. ಈಗ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕ ಶಾಸನ ಇನ್ನೂ ಹಳೆಯದು, ಕ್ರಿ.ಶ. 370ರ ಸುಮಾರಿನದು ಎಂಬ ವಾದವೂ ಬಂದಿದೆ.

ಆ ಹುಡುಗ ಕೇಳಿದ್ದು ವಿದ್ವಾಂಸರು ಕೇಳುವ ಪ್ರಶ್ನೆ. ಅವನ ಊರಿನ ಪಕ್ಕದಲ್ಲೇ ಆ ಶಾಸನದ ಪ್ರತಿಕೃತಿ ನಿಂತಿದೆ. ಮೂಲ ಕಲ್ಲು ಮೈಸೂರಿನಲ್ಲಿದೆ. ಒಂದು ಪೀರಿಯಡ್ ಅವನ ಪ್ರಶ್ನೆಯ ಹಿಂದೆ ಹೋಗಿದ್ದರೆ ಮೂವತ್ತೈದು ಮಕ್ಕಳಿಗೆ ಇತಿಹಾಸ ಎಂದರೆ ಏನು ಎಂದು ತಿಳಿಯುತ್ತಿತ್ತು. ಇಸವಿ ಎಲ್ಲಿಂದ ಬರುತ್ತದೆ, ಯಾರು ಹಾಕುತ್ತಾರೆ, ಹೊಸ ಕಲ್ಲು ಸಿಕ್ಕರೆ ಹಳೆಯ ಉತ್ತರ ಏನಾಗುತ್ತದೆ ಎಂದು. ನಾನು ಒಂದು ಮಾರ್ಕಿಗೆ ಅದನ್ನು ಕೊಟ್ಟುಬಿಟ್ಟೆ.

ಹಾಗೆ ಮಾಡಿದ್ದು ನಾನೊಬ್ಬನೇ ಅಲ್ಲ ಎಂದು ನಿಮಗೆ ಗೊತ್ತು. ಹತ್ತನೇ ಕ್ಲಾಸಿನ 625 ಅಂಕ ನಮ್ಮನ್ನೆಲ್ಲ ಹಾಗೆ ನಡೆಸುತ್ತದೆ. ಪಾಸಿಂಗ್ ಪ್ಯಾಕೇಜ್ ಕೊಡುತ್ತೇವೆ. ಇಷ್ಟು ಚಿತ್ರ, ಇಷ್ಟು ಪ್ರಮೇಯ, ಇಷ್ಟು ಪದ್ಯ ಉರು ಹೊಡೆದರೆ ಪಾಸು. 2019ರಲ್ಲಿ ನಮ್ಮ ಜಿಲ್ಲೆ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂತು. ಆ ದಿನ ನಾನೂ ಸಿಹಿ ಹಂಚಿದೆ. ಅದರ ಹಿಂದೆ ಮೇಷ್ಟ್ರುಗಳ, ಮಕ್ಕಳ ದುಡಿಮೆ ಎಷ್ಟಿತ್ತು ಎಂದು ಕಣ್ಣಾರೆ ನೋಡಿದ್ದೇನೆ. ಆದರೂ ಒಂದು ಪ್ರಶ್ನೆ ಕಾಡುತ್ತದೆ. ಮೊದಲು ಬಂದ ನಮ್ಮ ಜಿಲ್ಲೆಯ ಆ ಮಕ್ಕಳು ಒಂದು ಸುಳ್ಳು ಸುದ್ದಿಯನ್ನು ಗುರುತಿಸಬಲ್ಲರೇ? ಅದನ್ನು ನಾವು ಯಾವತ್ತೂ ಪರೀಕ್ಷೆ ಮಾಡಿಲ್ಲ.

ಇನ್ನೊಂದು ಸಂಗತಿ. 2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. ಇದನ್ನು ಮಕ್ಕಳ ಮುಂದೆ ಇಟ್ಟು, ‘ಒಂದೇ ವರ್ಷಕ್ಕೆ ಹೀಗೆ ಯಾಕಾಯಿತು, ಎಷ್ಟು ಕಾರಣ ಇರಬಹುದು?’ ಎಂದು ಕೇಳಿ ನೋಡಿ. ಅವರು ಕೊಡುವ ಉತ್ತರಗಳು ನಮ್ಮ ರಿವ್ಯೂ ಮೀಟಿಂಗಿನಲ್ಲಿ ಬರುವ ಉತ್ತರಗಳಿಗಿಂತ ನೇರವಾಗಿರುತ್ತವೆ.

ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ್ಯ ಎಂದು ಭಾಗ ಮಾಡುತ್ತೇವಲ್ಲ, ‘ಅನ್ವಯ’ಕ್ಕೆ ಬಂದ ಪ್ರಶ್ನೆಗೂ ಗೈಡಿನಲ್ಲಿ ರೆಡಿ ಉತ್ತರ ಸಿಗುತ್ತದೆ. ಯೋಚಿಸಿ ಬರೆಯಬೇಕಾದ ಪ್ರಶ್ನೆಯೂ ಬಾಯಿಪಾಠ ಆಗಿಬಿಟ್ಟಿದೆ. ಎಫ್‌ಎ (ವರ್ಷದ ನಡುವೆ ಶಾಲೆಯಲ್ಲೇ ಮಾಡುವ ಮೌಲ್ಯಮಾಪನ) ಪ್ರಾಜೆಕ್ಟುಗಳ ಕಥೆ ಇನ್ನೂ ಬೇಸರ. ನನ್ನ ಸರ್ವಿಸ್ಸಿನ ಕೊನೆಯ ವರ್ಷ ಜಲಮಾಲಿನ್ಯದ ಮೇಲೆ 38 ಪ್ರಾಜೆಕ್ಟ್ ಬಂದವು. ಒಂದೇ ಸೈಬರ್ ಅಂಗಡಿ, ಒಂದೇ ಪ್ರಿಂಟು. ಎಲ್ಲದರಲ್ಲೂ ‘ಮಾಲಿನ್ಯ’ ಎಂಬ ಪದ ‘ಮಾಲೀನ್ಯ’ ಎಂದೇ ಇತ್ತು. ಶಾಲೆಯ ಹಿಂದಿನ ಕೆರೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಕೆರೆಗೆ ಹಬ್ಬದ ಮಾರನೇ ದಿನ ಏನೇನು ಬಂದು ಬೀಳುತ್ತದೆ ಎಂದು ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಈಗಂತೂ ಫೋನಿನಲ್ಲಿ ಎಐ ಬಂದಿದೆ. ಕೇಳಿದ ಕೂಡಲೇ ಪ್ರಾಜೆಕ್ಟ್ ಬರೆದುಕೊಡುತ್ತದೆ. ಉತ್ತರ ಇಷ್ಟು ಸುಲಭಕ್ಕೆ ಸಿಗುವ ಕಾಲದಲ್ಲಿ ಅದು ಸರಿಯಾ ಎಂದು ನೋಡುವುದನ್ನಾದರೂ ನಾವು ಕಲಿಸಬೇಕು, ಅಲ್ವಾ?

ಇಂಥ ಪೀರಿಯಡ್ ಹೇಗಿರುತ್ತದೆ ಎಂದು ಕೆಲವು ಮೇಷ್ಟ್ರುಗಳು ಕೇಳುತ್ತಾರೆ. ಪುಸ್ತಕ ಬೇಡ, ಕಿಟ್ ಬೇಡ. ನಮ್ಮ ಜಿಲ್ಲೆಯೇ ಸಾಕು.

ಬೇಲೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಎಲ್ಲ ಶಾಲೆಯವರೂ ಟ್ರಿಪ್ ಹೋಗುತ್ತಾರೆ. ಜಕಣಾಚಾರಿ, ಡಂಕಣಾಚಾರಿ, ಕಪ್ಪೆ ಚೆನ್ನಿಗರಾಯನ ಕಥೆ ಕೇಳಿಕೊಂಡು ಬರುತ್ತಾರೆ. ಕಥೆ ಚೆನ್ನಾಗಿದೆ, ನಾನೂ ಹೇಳುತ್ತೇನೆ. ಆದರೆ ಅಲ್ಲಿಯ ಕೆಲವು ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರೇ ಇದೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಒಂಬೈನೂರು ವರ್ಷ ಹಿಂದೆ ಕೆಲಸ ಮಾಡಿದವರು ತಾವೇ ಬರೆದಿಟ್ಟ ಸಹಿ. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, ‘ಇಲ್ಲಿ ಯಾರ ಹೆಸರಿದೆ? ಜಕಣಾಚಾರಿ ಹೆಸರು ಎಲ್ಲಿದೆ ಹುಡುಕಿ’ ಎಂದರೆ ಸಾಕು. ಕಥೆ ಮತ್ತು ಸಾಕ್ಷಿ ಎರಡನ್ನೂ ಇಟ್ಟುಕೊಂಡು ಮನೆಗೆ ಬರುತ್ತಾರೆ.

ಆನೆ ವಿಷಯ ತೆಗೆದುಕೊಳ್ಳಿ. ಬಿಕ್ಕೋಡು, ಆಲೂರು, ಸಕಲೇಶಪುರದ ಕಡೆ ಮಕ್ಕಳು ಶಾಲೆಗೆ ಹೊರಡುವ ಮೊದಲು ಆನೆ ಎಲ್ಲಿದೆ ಎಂದು ಕೇಳಿಕೊಂಡು ಹೊರಡುತ್ತಾರೆ. ನಾನು ಕ್ಲಾಸನ್ನು ಎರಡು ಭಾಗ ಮಾಡಿ ವಾದ ಮಾಡಿಸಿದೆ, ಒಂದು ನಿಯಮ ಇಟ್ಟು: ನಿಮ್ಮ ಮನೆಯಲ್ಲಿ ಏನು ಹೇಳುತ್ತಾರೋ ಅದಕ್ಕೆ ವಿರುದ್ಧ ಪಕ್ಷದಲ್ಲಿ ನೀವು ಮಾತಾಡಬೇಕು. ಕಾಫಿ ಗಿಡ, ಬಾಳೆ ಎಲ್ಲ ಆನೆಗೆ ಕಳೆದುಕೊಂಡ ಮನೆಯ ಹುಡುಗನೊಬ್ಬ ಆನೆಯ ಪರ ಮಾತಾಡಬೇಕಾಯಿತು. ಮೊದಲು ಅವನು ‘ಆಗಲ್ಲ ಸರ್’ ಎಂದ. ಕಣ್ಣಲ್ಲಿ ನೀರಿತ್ತು. ನಾನು ಬಲವಂತ ಮಾಡಲಿಲ್ಲ. ಮುಂದಿನ ವಾರ ಅವನೇ ಎರಡು ಪುಟ ಬರೆದುಕೊಂಡು ಬಂದ. ಅವನ ಅಭಿಪ್ರಾಯ ಬದಲಾಗಲಿಲ್ಲ. ಬದಲಾಗಬೇಕು ಎಂದು ನಾನೂ ಬಯಸಲಿಲ್ಲ. ಆದರೆ ಎದುರು ಪಕ್ಷದವರ ಮಾತನ್ನು ಅವರಷ್ಟೇ ಚೆನ್ನಾಗಿ ಹೇಳಲು ಅವನಿಗೆ ಬಂತು. ಈ ಕೆಲಸ ದೊಡ್ಡವರಿಗೂ ಕಷ್ಟ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆಲೂಗೆಡ್ಡೆಯ ಕಥೆ. ನಮ್ಮ ಕಡೆ ಮುಂಗಾರಿನ ಆಲೂಗೆಡ್ಡೆಗೆ ಅಂಗಮಾರಿ ರೋಗ ಬಂದರೆ ನಾಲ್ಕೈದು ದಿನದಲ್ಲಿ ಹೊಲ ಕಪ್ಪಾಗುತ್ತದೆ. ಅಂಗಡಿಯವರು ಪ್ರತಿ ವರ್ಷ ಒಂದು ಹೊಸ ಔಷಧಿ ಕೊಡುತ್ತಾರೆ. ಹೊಡೆದ ಮೇಲೆ ಬೆಳೆ ಉಳಿದರೆ ಔಷಧಿಯಿಂದ ಉಳಿಯಿತು ಎನ್ನುತ್ತೇವೆ. ಹೋದರೆ ಮಳೆಯಿಂದ ಹೋಯಿತು ಎನ್ನುತ್ತೇವೆ. ಒಬ್ಬ ಹುಡುಗ ಅಪ್ಪನನ್ನು ಕೇಳಿದ: ‘ಹೊಡೆಯದೇ ಇದ್ದರೆ ಹೇಗಿರುತ್ತಿತ್ತು ಅಂತ ಹೇಗೆ ಗೊತ್ತು?’ ಅಪ್ಪ ಮೊದಲು ರೇಗಿದರಂತೆ. ಆಮೇಲೆ ಬದುವಿನ ಪಕ್ಕದ ಎರಡು ಸಾಲನ್ನು ಹೊಸ ಔಷಧಿ ಹೊಡೆಯದೆ, ಹಳೆಯದನ್ನೇ ಹೊಡೆದು ಬಿಟ್ಟರು. ಹುಡುಗ ದಿನಾ ಹೋಗಿ ಎಲೆ ನೋಡಿ ಬರೆದುಕೊಂಡ. ಎಷ್ಟು ಗಿಡದಲ್ಲಿ ಚುಕ್ಕೆ, ಮಳೆ ಬಂತಾ ಇಲ್ಲವಾ, ಎಲ್ಲ.

ಆ ಸಲ ಮಳೆ ನಡುವೆ ಕೈಕೊಟ್ಟಿತು. ರೋಗ ಬರಲೇ ಇಲ್ಲ. ಎಲ್ಲ ಸಾಲೂ ಒಂದೇ ಥರ ಇದ್ದವು. ಹುಡುಗ ಕ್ಲಾಸಿನಲ್ಲಿ ನೋಟ್‌ಬುಕ್ ತೆರೆದು ಓದಿದ. ಕೊನೆಗೆ ಹೇಳಿದ: ‘ಈ ಸಲ ಏನೂ ಗೊತ್ತಾಗ್ಲಿಲ್ಲ ಸರ್. ಹೊಸದು ಒಳ್ಳೇದು ಅಂತಲೂ ಹೇಳೋಕಾಗಲ್ಲ, ಕೆಟ್ಟದು ಅಂತಲೂ ಹೇಳೋಕಾಗಲ್ಲ. ಮುಂದಿನ ವರ್ಷ ಮತ್ತೆ ನೋಡ್ಬೇಕು.’ ನನ್ನ ಇಷ್ಟು ವರ್ಷಗಳ ಮೇಷ್ಟ್ರಗಿರಿಯಲ್ಲಿ ಒಬ್ಬ ವಿದ್ಯಾರ್ಥಿ ಕೊಟ್ಟ ಅತ್ಯುತ್ತಮ ಉತ್ತರ ಇದು ಎಂದು ನಾನು ನಂಬಿದ್ದೇನೆ. ನಮ್ಮ ಯಾವ ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕು ಸಿಗುತ್ತದೆ?

ಈಗ ತಂದೆ ತಾಯಂದಿರಿಗೆ ಒಂದು ಮಾತು. ನಿಮ್ಮಲ್ಲಿ ಒಬ್ಬರು ಶಾಲೆಗೆ ಬಂದು ನನ್ನನ್ನು ಕೇಳಿದ್ದಿರಿ, ‘ಮೇಷ್ಟ್ರೇ, ಮಕ್ಕಳಿಗೆ ದೇವರನ್ನ ಪ್ರಶ್ನೆ ಮಾಡೋದು ಕಲಿಸ್ತೀರಂತೆ’ ಎಂದು. ನಿಮ್ಮ ಆತಂಕ ಅರ್ಥವಾಗುತ್ತದೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದಾಗ ನಾನೂ ಮನೆಯವರ ಜೊತೆ ಕ್ಯೂ ನಿಲ್ಲುತ್ತೇನೆ. ಯಾರ ಭಕ್ತಿಯನ್ನೂ ಕ್ಲಾಸಿಗೆ ಎಳೆದು ತರುವುದಿಲ್ಲ. ‘ಈ ಮೆಸೇಜನ್ನು 11 ಜನಕ್ಕೆ ಕಳಿಸದಿದ್ದರೆ ಕೆಟ್ಟದಾಗುತ್ತದೆ’ ಎಂದು ಬಂದಾಗ ನಿಮ್ಮ ಮಗಳು ನಡುಗದೆ ಇರಲಿ. ಲೋನ್ ಆಪ್‌ನವನೋ, ‘ಬ್ಯಾಂಕಿನಿಂದ ಮಾತಾಡ್ತಿದ್ದೀವಿ, ಒಟಿಪಿ ಹೇಳಿ’ ಎನ್ನುವವನೋ ಫೋನ್ ಮಾಡಿದಾಗ ನಿಮ್ಮ ಮಗ ‘ನೀವು ಯಾರು ಅಂತ ನನಗೆ ಹೇಗೆ ಗೊತ್ತಾಗಬೇಕು?’ ಎಂದು ಕೇಳಲಿ. ನಾನು ಬಯಸುವುದು ಇಷ್ಟೇ. ಪ್ರಶ್ನೆ ಕೇಳುವ ಮಕ್ಕಳು ಎದುರು ಮಾತಾಡುತ್ತಾರೆ ಎಂಬ ಭಯವೂ ಇದೆ. ಎದುರು ಮಾತಾಡುವುದು ಬೇರೆ, ಕಾರಣ ಕೇಳುವುದು ಬೇರೆ. ಆ ವ್ಯತ್ಯಾಸವೂ ಕಲಿಸಿದರೇ ಬರುವಂಥದ್ದು. ನನ್ನ ಕ್ಲಾಸಿನಲ್ಲಿ ವ್ಯಕ್ತಿಯನ್ನು ಬೈದವರು ಕೂರಬೇಕು, ಮಾತನ್ನು ತಿದ್ದಿದವರು ಮುಂದುವರಿಸಬಹುದು.

ಇದು ಹೊರಗಿನಿಂದ ತಂದ ಹೊಸ ಫ್ಯಾಷನ್ನೂ ಅಲ್ಲ. ಶಾಲೆಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತೇವೆ. ಅದೇ ಸಂವಿಧಾನದ 51ಎ(ಎಚ್) ವೈಜ್ಞಾನಿಕ ಮನೋಭಾವವನ್ನು, ಪ್ರಶ್ನಿಸಿ ತಿಳಿಯುವ ಗುಣವನ್ನು ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಎನ್ನುತ್ತದೆ. 1976ರಿಂದ ಅದು ಅಲ್ಲಿದೆ. ಕಂಠಪಾಠ ಬಿಡಿ, ಪಾಠವನ್ನು ಮಕ್ಕಳ ಬದುಕಿಗೆ ಜೋಡಿಸಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿ ಎಷ್ಟೋ ವರ್ಷ ಆಯಿತು.

ಮಾಡಿ ತೋರಿಸಿದವರೂ ಇದ್ದಾರೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 16 ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಪಾಠವನ್ನೇ ಬದಲಿಸಿದರು. ಮಕ್ಕಳು ಪ್ರಯೋಗ ಮಾಡಿ, ತಾವೇ ಉತ್ತರ ಬರೆಯಬೇಕು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದು, ಯಾಕೆಂದರೆ ಪುಸ್ತಕದಲ್ಲಿ ಉತ್ತರ ಇರುತ್ತಲೇ ಇರಲಿಲ್ಲ. ಸವಾಲಿರಾಮ್ ಎಂಬ ಒಬ್ಬ ಕಾಲ್ಪನಿಕ ವ್ಯಕ್ತಿಗೆ ಮಕ್ಕಳು ಪತ್ರ ಬರೆದು ಮನಸ್ಸಿಗೆ ಬಂದದ್ದನ್ನು ಕೇಳುತ್ತಿದ್ದರು, ಉತ್ತರವೂ ಬರುತ್ತಿತ್ತು. ಆ ಕಾರ್ಯಕ್ರಮ ನೂರಾರು ಸರ್ಕಾರಿ ಶಾಲೆಗಳಿಗೆ ಹರಡಿ, 2002ರಲ್ಲಿ ಸರ್ಕಾರ ನಿಲ್ಲಿಸುವ ತನಕ 30 ವರ್ಷ ನಡೆಯಿತು. ಇನ್ನು ಕೊಡಗು ದಾಟಿದರೆ ಸಿಗುವ ಕೇರಳದ ಕಣ್ಣೂರಿನಲ್ಲಿ 2018ರಲ್ಲಿ ಜಿಲ್ಲಾಡಳಿತವೇ ಮುಂದೆ ನಿಂತು ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠ ಮಾಡಿಸಿತು. ರಾಜ್ಯದ ಆದೇಶಕ್ಕೆ ಕಾಯಲಿಲ್ಲ. ಒಂದು ಜಿಲ್ಲೆ ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕಾಗಿ ಈ ಮಾತು ತಮ್ಮ ಮುಂದೆ ಇಡುತ್ತಿದ್ದೇನೆ.

ಮೇಷ್ಟ್ರುಗಳಿಗೆ ಈಗಲೇ ಹೊರೆ ಜಾಸ್ತಿ. ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ, ಗಣತಿ, ಚುನಾವಣೆ. ಇದರ ಮೇಲೆ ಇನ್ನೊಂದು ರಿಜಿಸ್ಟರ್ ಮಾಡಿಸಬೇಡಿ. ಈ ಪೀರಿಯಡ್‌ಗೆ ವರದಿ ಕೇಳಬೇಡಿ, ಫೋಟೋ ಅಪ್‌ಲೋಡ್ ಕೇಳಬೇಡಿ. ಕೇಳಿದ ದಿನವೇ ಅದು ಸತ್ತುಹೋಗುತ್ತದೆ. ಹಾಸನದ ಡಯಟ್‌ನಲ್ಲಿ (ಮೇಷ್ಟ್ರುಗಳ ಜಿಲ್ಲಾ ತರಬೇತಿ ಸಂಸ್ಥೆಯಲ್ಲಿ) ಎರಡು ದಿನದ ತರಬೇತಿ ಸಾಕು. ಆ ಎರಡು ದಿನದಲ್ಲಿ ಕಲಿಯಬೇಕಾದ ಮುಖ್ಯ ವಿಷಯ ಮಕ್ಕಳ ಮುಂದೆ ‘ನನಗೆ ಗೊತ್ತಿಲ್ಲ, ಹುಡುಕೋಣ’ ಎಂದು ಹೇಳುವುದು. ಅದು ನನಗೆ ತುಂಬಾ ಕಷ್ಟವಾಗಿತ್ತು. ಮೇಷ್ಟ್ರು ಎಂದರೆ ಎಲ್ಲ ಗೊತ್ತಿರಬೇಕು ಎಂದೇ ನಾವು ಬೆಳೆದವರು. ಒಮ್ಮೆ ಹೇಳಿ ನೋಡಿದ ಮೇಲೆ ಎದೆ ಹಗುರವಾಯಿತು. ಮಕ್ಕಳು ನನ್ನ ಮೇಲಿನ ಗೌರವವನ್ನೇನೂ ಕಡಿಮೆ ಮಾಡಲಿಲ್ಲ.

ಎಲ್ಲ ಶಾಲೆಗಳಲ್ಲಿ ಒಟ್ಟಿಗೆ ಶುರು ಮಾಡಿ ಎಂದು ಕೇಳುವುದಿಲ್ಲ. ತಾಲ್ಲೂಕಿಗೆ ಎರಡು ಶಾಲೆ, ಒಂದು ವರ್ಷ. ಎಫ್‌ಎ ಚಟುವಟಿಕೆಗಳಲ್ಲಿ ಒಂದನ್ನು ಇದಕ್ಕೆ ಬಿಟ್ಟುಕೊಡಿ, ಸೈಬರ್ ಅಂಗಡಿಯ ಪ್ರಾಜೆಕ್ಟಿನ ಬದಲು. ವರ್ಷದ ಕೊನೆಗೆ ಪೀರಿಯಡ್ ಇದ್ದ ಶಾಲೆ, ಇಲ್ಲದ ಶಾಲೆ ಎರಡರ ಮಕ್ಕಳಿಗೂ ಒಂದೇ ವಾಟ್ಸಾಪ್ ಸುದ್ದಿ ಕೊಟ್ಟು ಏನೇನು ಕೇಳುತ್ತಾರೆ ನೋಡಿ. ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಆಗ ನಾನು ತಕರಾರು ಮಾಡುವುದಿಲ್ಲ. ಬೇಲೂರು, ಆಲೂರು, ಸಕಲೇಶಪುರ ತಾಲ್ಲೂಕಿನ ಯಾವ ಶಾಲೆಯವರು ಕರೆದರೂ ನಾನು ಬಸ್ಸಿನಲ್ಲಿ ಬರುತ್ತೇನೆ. ಗೌರವಧನ ಬೇಡ. ನನ್ನ ಹಾಗೆ ರಿಟೈರ್ ಆದ ಇನ್ನೂ ನಾಲ್ಕು ಜನ ಸಿದ್ಧರಿದ್ದಾರೆ.

ಸವಾಲಿರಾಮ್‌ನ ವಿಷಯ ಓದಿದ ಮೇಲೆ ನಾನು ಆ ಒಂಬತ್ತನೇ ಕ್ಲಾಸಿನಲ್ಲಿ ಒಂದು ಹಾರ್ಲಿಕ್ಸ್ ಡಬ್ಬಿ ಇಟ್ಟಿದ್ದೆ. ಮುಚ್ಚಳಕ್ಕೆ ತೂತು ಮಾಡಿ, ಯಾರು ಬೇಕಾದರೂ ಹೆಸರು ಬರೆಯದೆ ಪ್ರಶ್ನೆ ಹಾಕಬಹುದು ಎಂದಿದ್ದೆ. ಪೀರಿಯಡ್ ನಿಂತ ದಿನ ಅದನ್ನು ಮನೆಗೆ ತಂದೆ. ಇನ್ನೂ ಓದದ 23 ಚೀಟಿ ಇದ್ದವು. ಈ ಪತ್ರ ಬರೆಯುವಾಗ ಅದು ಮೇಜಿನ ಮೇಲೇ ಇದೆ. ಕೆಲವನ್ನು ಮಕ್ಕಳು ಬರೆದ ಹಾಗೇ ತಮಗೆ ಕಳಿಸುತ್ತಿದ್ದೇನೆ.

‘ಕಾಫಿ ರೇಟು ಯಾರು ಫಿಕ್ಸ್ ಮಾಡ್ತಾರೆ? ಅವರಿಗೆ ನಮ್ಮ ತೋಟದ ವಿಷಯ ಹೇಗೆ ಗೊತ್ತು?’

‘ಟೀವಿಲಿ 10ರಲ್ಲಿ 9 ಡಾಕ್ಟರ್ ಹೇಳ್ತಾರೆ ಅಂತಾರಲ್ಲ, ಆ ಇನ್ನೊಬ್ಬ ಡಾಕ್ಟರ್ ಏನು ಹೇಳಿದ್ರು?’

‘ಅಜ್ಜಿ ಹೇಳಿದ್ದು ಗೂಗಲ್ ಹೇಳಿದ್ದು ಬೇರೆ ಬೇರೆ ಆದ್ರೆ ಯಾರನ್ನ ನಂಬಬೇಕು?’

‘ಹೆಣ್ಣುಮಕ್ಕಳಿಗೆ ಗಣಿತ ಬರಲ್ಲ ಅಂತ ನಮ್ಮ ಮಾವ ಹೇಳ್ತಾರೆ. ಅವರು ಎಷ್ಟು ಜನ ಹೆಣ್ಣುಮಕ್ಕಳನ್ನ ಕೇಳಿದ್ದಾರೆ?’

ಇಂತಿ ತಮ್ಮ ವಿಶ್ವಾಸಿ,
ಬೇಲೂರು ತಾಲ್ಲೂಕಿನ ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು